ಎತ್ತದ ಕೈ

ಫುಟ್‌ಬಾಲ್ ಕಲಿಯಲು ಬರುವ ಹುಡುಗರು ನನ್ನನ್ನು ಮೊದಲು ಕೇಳುವುದು, ಒಟ್ಟು ಎಷ್ಟು ಗೋಲು ಹೊಡೆದಿದ್ದೀರಿ ಎಂದು. ನಿಜ ಹೇಳಬೇಕೆಂದರೆ ನನಗೆ ನೆನಪಿಲ್ಲ. ಹನ್ನೆರಡು ವರ್ಷ ಕ್ಲಬ್ಬುಗಳ ಅನ್ನ ತಿಂದು ಫಾರ್ವರ್ಡ್ ಆಗಿ ಆಡಿದವನು ನಾನು. ಪತ್ರಿಕೆಯವರು ಮುನ್ಪಡೆ ಆಟಗಾರ ಎಂದು ಬರೆಯುತ್ತಿದ್ದರು. ಗುಬ್ಬಿ ಪೇಟೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ನಮ್ಮ ಅಬ್ಬಾ ಮಾತ್ರ, ಡಬ್ಬಕ್ಕೆ ಬೆಸುಗೆ ಹಾಕಿಸಿಕೊಳ್ಳಲು ಬಂದವರಿಗೆಲ್ಲ, 'ನಮ್ ಹುಡುಗ ಬೆಂಗಳೂರಲ್ಲಿ ಬಾಲ್ ಆಡೋ ಕೆಲ್ಸದಲ್ಲವ್ನೆ' ಎಂದು ಹೇಳುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟೆ. ಗೆದ್ದ ಕಪ್ಪುಗಳು ಮನೆಯ ಅಟ್ಟದ ಮೇಲೆ ಇವೆ, ಅವುಗಳ ಸುದ್ದಿ ಇಲ್ಲಿ ಬೇಡ. ಈ ಕೆಲಸಕ್ಕೆ ಸೇರುವವರಿಗೆ ನಾನು ಹೇಳಬೇಕಿರುವುದು ಒಂದೇ ಒಂದು ಗೋಲಿನ ವಿಷಯ. ಅದನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಅದಕ್ಕೆ ನಮ್ಮ ಹೈಸ್ಕೂಲಿನಿಂದ ಶುರು ಮಾಡಬೇಕು. ಗುಬ್ಬಿಯಲ್ಲಿ ನಮಗೆ ಗಂಗಾಧರಯ್ಯ ಎಂಬ ಪಿ.ಟಿ. ಮೇಷ್ಟ್ರಿದ್ದರು. ದಿನಾ ಚೇಳೂರಿನಿಂದ ಮೊದಲ ಬಸ್ಸಿಗೆ ಬಂದು ಕೊನೆಯ ಬಸ್ಸಿಗೆ ಹೋಗುವವರು. ಒಂದೇ ಮೈದಾನ, ಅರವತ್ತು ಎಪ್ಪತ್ತು ಹುಡುಗರು. ಉದ್ದಕ್ಕೆ ಒಂದು ಆಟ, ಅಡ್ಡಕ್ಕೆ ಎರಡು ಆಟ, ಮೂರೂ ಒಂದರ ಮೇಲೊಂದು ನಡೆಯುತ್ತಿದ್ದವು. ಒಬ್ಬ ಮನುಷ್ಯ ಎಷ್ಟು ಕಡೆ ನೋಡಲು ಸಾಧ್ಯ? ಅದಕ್ಕೆ ಮೇಷ್ಟ್ರು ಒಂದು ಪದ್ಧತಿ ಮಾಡಿದ್ದರು. ಚೆಂಡು ನಿನ್ನ ಕೈಗೆ ತಗುಲಿತೋ, ನೀನು ಯಾರನ್ನಾದರೂ ಒದ್ದೆಯೋ, ನೀನೇ ಕೈ ಎತ್ತಿ ನಿಲ್ಲಬೇಕು. ಆಟ ನಿಲ್ಲುತ್ತದೆ, ಚೆಂಡು ಎದುರಿನವರಿಗೆ ಹೋಗುತ್ತದೆ, ಆಟ ಮುಂದುವರಿಯುತ್ತದೆ. ಕೈ ಎತ್ತಿದವನನ್ನು ಯಾರೂ ಬೈಯುವಂತಿಲ್ಲ, ಮೇಷ್ಟ್ರೂ ಬೈಯುವಂತಿಲ್ಲ. ಇದಿಷ್ಟೇ ಕಾನೂನು. ಮೂರು ವರ್ಷ ಹೀಗೆ ಆಡಿದ ಮೇಲೆ ನಮ್ಮ ಕೈಗಳು ನಮ್ಮನ್ನು ಕೇಳದೆಯೇ ಮೇಲೆ ಹೋಗುತ್ತಿದ್ದವು.

ಹೊರಗಿನ ಶಾಲೆಯವರಿಗೆ ನಾವು ನಗೆಪಾಟಲು. ಹತ್ತನೇ ತರಗತಿಯಲ್ಲಿ ಕುಣಿಗಲ್‌ನಲ್ಲಿ ಒಂದು ಫೈನಲ್ ಆಡಿದೆವು. ಆಟ ಮುಗಿಯಲು ಐದು ನಿಮಿಷವಿದ್ದಾಗ ನಾನು ಗೋಲು ಹೊಡೆದೆ. ರೆಫರಿ ಸೀಟಿ ಊದಿ ಮಧ್ಯದ ಕಡೆ ತಿರುಗಿಯೂ ಆಗಿತ್ತು. ಆದರೆ ಚೆಂಡು ನನ್ನ ಮೊಣಕೈಗೆ ತಾಗಿ ಕೆಳಗೆ ಬಿದ್ದಿತ್ತು. ನಾನು ಕೈ ಎತ್ತಿ ನಿಂತುಕೊಂಡೆ. ರೆಫರಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಗೋಲು ಕ್ಯಾನ್ಸಲ್ ಮಾಡಿದರು. ನಾವು ಸೋತೆವು. ವಾಪಸ್ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬನೂ ಕೂರಲಿಲ್ಲ. ಮೇಷ್ಟ್ರು ಎದ್ದು ಬಂದು ಕೂತರು. ಹೆಬ್ಬೂರಿನಲ್ಲಿ ಬಸ್ ನಿಂತಾಗ ಕಿಟಕಿಯಿಂದ ಬೇಯಿಸಿದ ಕಡಲೆಕಾಯಿ ಕೊಂಡು ಪೊಟ್ಟಣವನ್ನು ನನ್ನ ತೊಡೆಯ ಮೇಲಿಟ್ಟರು. ತುಮಕೂರು ಬರುವವರೆಗೂ ಆಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಇಳಿಯುವಾಗ ಮಾತ್ರ ಹೇಳಿದರು.

'ಇನ್ಮೇಲೆ ನೀನು ಕೈ ಎತ್ತಿಲ್ಲ ಅಂದ್ರೆ ಏನೂ ಆಗಿಲ್ಲ ಅಂತ್ಲೇ ಅರ್ಥ ಕಣೋ ಇಮ್ತಿ. ನಾನು ಬೇರೆ ಯಾರ್ನೂ ಕೇಳಲ್ಲ.'

ಹದಿನಾರು ವರ್ಷದ ಹುಡುಗನಿಗೆ ಅದು ಮೆಡಲ್‌ಗಿಂತ ದೊಡ್ಡದಾಗಿ ಕಂಡಿತು. ನನ್ನ ಹೆಸರು ಇಮ್ತಿಯಾಜ್. ನನ್ನನ್ನು ಇಮ್ತಿ ಎನ್ನುತ್ತಿದ್ದವರು ಮನೆಯವರು ಬಿಟ್ಟರೆ ಅವರೊಬ್ಬರೇ.

ಬೆಂಗಳೂರಿನ ಕ್ಲಬ್ಬೊಂದರ ಆಯ್ಕೆಗೆ ನನ್ನನ್ನು ಕರೆದುಕೊಂಡು ಹೋದವರೂ ಅವರೇ. ಅಲ್ಲಿ ಮೊದಲ ದಿನವೇ ನಾನು ಮಾನ ಕಳೆದುಕೊಂಡೆ. ಪ್ರಾಕ್ಟೀಸ್ ಆಟದಲ್ಲಿ ಚೆಂಡು ಕೈಗೆ ತಾಗಿತು, ಅಭ್ಯಾಸಬಲದಿಂದ ಕೈ ಎತ್ತಿ ನಿಂತೆ. ಕೋಚ್ ಫಿಲಿಪ್ ಸರ್ ಹತ್ತಿರ ಬಂದು, 'ಏನಪ್ಪಾ, ಒಂದಕ್ಕೆ ಹೋಗ್ಬೇಕಾ?' ಎಂದು ಕೇಳಿದರು. ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಆವತ್ತಿನಿಂದ ಆರು ತಿಂಗಳು ನನ್ನ ಹೆಸರು ಪರ್ಮಿಷನ್. ಊಟದ ಸಾಲಿನಲ್ಲಿ, ಬಸ್ಸಿನಲ್ಲಿ, ಸ್ನಾನದ ಮನೆಯ ಮುಂದೆ, ಎಲ್ಲೆಲ್ಲೂ ನನ್ನನ್ನು ಕಂಡರೆ ಯಾರಾದರೊಬ್ಬ ಕೈ ಎತ್ತಿ ನಿಲ್ಲುತ್ತಿದ್ದ. ಎರಡನೇ ವಾರದಿಂದ ನಾನು ಆಡುವಾಗ ಬೆರಳು ಬಿಗಿಯಾಗಿ ಮಡಚಿ ಕೈಯನ್ನು ಸೊಂಟದ ಪಕ್ಕ ಇಟ್ಟುಕೊಳ್ಳಲು ಕಲಿತೆ.

ಹೊಸಬರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಫಾರ್ವರ್ಡ್ ಕೆಲಸ ಎಂದರೆ ಹೆಚ್ಚಿನ ಹೊತ್ತು ಕಾಯುವ ಕೆಲಸ. ತೊಂಬತ್ತು ನಿಮಿಷದಲ್ಲಿ ಚೆಂಡು ನಿಮ್ಮ ಕಾಲಲ್ಲಿ ಇರುವುದು ಎರಡು ನಿಮಿಷವೂ ಅಲ್ಲ. ಉಳಿದ ಹೊತ್ತೆಲ್ಲ ಬೆನ್ನ ಹಿಂದೆ, ನಿಮ್ಮನ್ನು ತಡೆಯಲೆಂದೇ ಇರುವ ಎದುರು ತಂಡದ ಸ್ಟಾಪರ್ ಒಬ್ಬ ಉಸಿರು ಬಿಡುತ್ತಿರುತ್ತಾನೆ, ಹಿಮ್ಮಡಿ ತುಳಿಯುತ್ತಾನೆ, ನಿಮ್ಮ ಅಕ್ಕತಂಗಿಯರ ಸುದ್ದಿ ತೆಗೆಯುತ್ತಾನೆ. ಆ ಎರಡು ನಿಮಿಷದಲ್ಲಿ ಏನು ಮಾಡಿದಿರಿ ಎಂಬುದರ ಮೇಲೆ ಮುಂದಿನ ವರ್ಷದ ಕರಾರು ನಿಂತಿರುತ್ತದೆ. ನಾನು ಮೊದಲ ಎರಡು ವರ್ಷ ಬೆಂಚು ಕಾಯ್ದೆ. ನೀರಿನ ಬಾಟಲಿ ಹಂಚಿದೆ. ಸೀನಿಯರ್‌ಗಳ ಬೂಟಿನ ಮೊಳೆ ಬಿಗಿ ಮಾಡಿದೆ. ಒಮ್ಮೆ ಅವಸರದಲ್ಲಿ ಒಬ್ಬರ ಎರಡು ಬೂಟಿಗೂ ಬೇರೆ ಬೇರೆ ಉದ್ದದ ಮೊಳೆ ಹಾಕಿಬಿಟ್ಟೆ. ಅವರು ಅರ್ಧ ಆಟ ಕುಂಟಿಕೊಂಡೇ ಓಡಿದರು, ತಮಗೆ ಸೊಂಟ ಹಿಡಿದಿದೆ ಎಂದುಕೊಂಡು. ಅದನ್ನು ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಈಗ ಯೋಚಿಸಿದರೆ, ಸುಮ್ಮನಿರುವುದನ್ನು ನಾನು ಕಲಿಯಲು ಶುರು ಮಾಡಿದ್ದು ಅಲ್ಲಿಂದಲೇ ಇರಬೇಕು.

ಮೂರನೇ ವರ್ಷ ಫಿಲಿಪ್ ಸರ್ ನನ್ನನ್ನು ಲಾಂಗ್ ಜಂಪ್‌ನ ಮರಳಿನ ಗುಂಡಿಗೆ ಕರೆದುಕೊಂಡು ಹೋದರು. ಬೀಳುವುದನ್ನು ಕಲಿಸಲು. ಅವರು ಕೆಟ್ಟ ಮನುಷ್ಯರಲ್ಲ. ಮಳೆಗಾಲದಲ್ಲಿ ಜ್ವರ ಬಂದಾಗ ತಮ್ಮ ಮನೆಯಿಂದ ಗಂಜಿ ಮಾಡಿಸಿ ತಂದು ಕೊಟ್ಟಿದ್ದಾರೆ. ಅವರಿಗೆ ಅದೂ ಒಂದು ವಿದ್ಯೆ, ಅಷ್ಟೇ. ಸ್ಟಾಪರ್ ಕಾಲು ಚಾಚಿದ ಕೂಡಲೇ ಬೀಳಬಾರದು. ಅವನನ್ನು ದಾಟಿ, ಹಿಂದಿನ ಕಾಲನ್ನು ಒಂದು ಕ್ಷಣ ಅವನ ಕಾಲಿನ ಹತ್ತಿರ ಬಿಟ್ಟು, ಆಮೇಲೆ ಬೀಳಬೇಕು. ಎರಡು ಕೈ ಮೇಲೆತ್ತಿ ಬಿದ್ದರೆ ರೆಫರಿಗೆ ನಾಟಕ ಎಂದು ಗೊತ್ತಾಗುತ್ತದೆ. ಬಿದ್ದ ಮೇಲೆ ರೆಫರಿಯ ಮುಖ ನೋಡಬಾರದು. ಹುಲ್ಲು ನೋಡುತ್ತಾ ಮಲಗಿರಬೇಕು. ಒಂದು ತಿಂಗಳು ದಿನಾ ಸಂಜೆ ಆ ಗುಂಡಿಯಲ್ಲಿ ಬಿದ್ದೆ. ಕಿವಿಯಲ್ಲಿ, ಕಾಲುಚೀಲದಲ್ಲಿ, ಹಾಸಿಗೆಯಲ್ಲೆಲ್ಲ ಮರಳು.

ಫಲ ಸಿಕ್ಕಿತು. ಆ ವರ್ಷ ನಾಲ್ಕು ಪೆನಾಲ್ಟಿ ತಂದೆ, ಮೂರನ್ನು ನಾನೇ ಹೊಡೆದೆ. ಪರ್ಮಿಷನ್ ಎನ್ನುವುದು ನಿಂತುಹೋಯಿತು. ಮೊದಲ ಹನ್ನೊಂದರಲ್ಲಿ ಜಾಗ ಸಿಕ್ಕಿತು. ಅಬ್ಬಾ ಪತ್ರಿಕೆಯಲ್ಲಿ ಬಂದ ನನ್ನ ಚಿತ್ರ ಕತ್ತರಿಸಿ ಅಂಗಡಿಯ ತಗಡಿನ ಮೇಲೆ ಗೋಂದು ಹಚ್ಚಿ ಅಂಟಿಸಿದರು. ಆಗ ನನಗೆ ನಾಚಿಕೆ ಅನ್ನಿಸಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳುತ್ತೇನೆ. ಹೆಮ್ಮೆಯಾಗಿತ್ತು.

ಅದೇ ವರ್ಷ ತುಮಕೂರಿನಲ್ಲಿ ಒಂದು ಆಹ್ವಾನಿತ ಟೂರ್ನಿ ನಡೆಯಿತು. ಬೆಂಗಳೂರಿನ ಎರಡು ಮೂರು ಕ್ಲಬ್ಬುಗಳನ್ನೂ ಕರೆದಿದ್ದರು. ಸೆಮಿಫೈನಲ್‌ಗೆ ಮೈದಾನಕ್ಕೆ ಇಳಿದಾಗ ನೋಡುತ್ತೇನೆ, ಕಪ್ಪು ಅಂಗಿ ಚಡ್ಡಿ ಹಾಕಿಕೊಂಡು ನಡುವೆ ನಿಂತಿರುವವರು ಗಂಗಾಧರಯ್ಯ ಮೇಷ್ಟ್ರು. ಅವರು ರೆಫರಿ ಪರೀಕ್ಷೆ ಪಾಸು ಮಾಡಿರುವುದು ನನಗೆ ಗೊತ್ತಿತ್ತು. ರಾಜ್ಯದ ರೆಫರಿಗಳ ಪ್ಯಾನೆಲ್ಲಿಗೆ ಹೆಸರು ಹೋಗಿದೆ, ವಯಸ್ಸಿನ ಮಿತಿಗೆ ಇದೇ ಕೊನೆಯ ವರ್ಷ, ಈ ಟೂರ್ನಿ ಚೆನ್ನಾಗಿ ನಡೆಸಿದರೆ ಆಗಿಹೋಯಿತು ಎಂದು ಅಬ್ಬಾ ಹೇಳಿದ್ದರು. ಪಿ.ಟಿ. ಮೇಷ್ಟ್ರಾಗಿ ಸರ್ವೀಸಿನುದ್ದಕ್ಕೂ ಅವರು ಬಯಸಿದ್ದು ಅದೊಂದನ್ನೇ. ಟಾಸಿಗೆ ಮೊದಲು ಕೈ ಕುಲುಕುವಾಗ ಅವರು ಎಲ್ಲರಿಗೂ ಮಾಡಿದಂತೆಯೇ ನನಗೂ ಮಾಡಿದರು. ಕಣ್ಣಿನಲ್ಲಿ ಮಾತ್ರ ಸ್ವಲ್ಪ ನಗು ಇತ್ತು.

ಆಟ ಸಮಸಮವಾಗಿತ್ತು. ಎದುರು ತಂಡದ ನಾಲ್ಕನೇ ನಂಬರಿನ ಸ್ಟಾಪರ್ ನನ್ನನ್ನು ಮಿಸುಕಾಡಲು ಬಿಟ್ಟಿರಲಿಲ್ಲ. ಬಾಯಿ ಬಿಡದೆ, ಒದೆಯದೆ, ನೇರವಾಗಿ ಆಡುವವನು. ಕೊನೆಯ ಹತ್ತು ನಿಮಿಷದಲ್ಲಿ ಒಂದು ಉದ್ದನೆಯ ಚೆಂಡು ಬಂತು. ನಾನೂ ಅವನೂ ಇಬ್ಬರೇ, ಹಿಂದೆ ಗೋಲ್‌ಕೀಪರ್ ಒಬ್ಬ. ಪೆನಾಲ್ಟಿ ಬಾಕ್ಸಿನೊಳಗೆ ಸ್ಟಾಪರ್ ಕಾಲು ಚಾಚಿದ, ಚೆಂಡು ಸಿಗಲಿಲ್ಲ, ಕೂಡಲೇ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ನಾನು ದಾಟಿದೆ. ನನ್ನ ಮುಂದೆ ಗೋಲು ತೆರೆದೇ ಇತ್ತು. ಹೊಡೆಯಬಹುದಿತ್ತು. ಆದರೆ ಚೆಂಡು ಕಾಲಿನಿಂದ ಸ್ವಲ್ಪ ಮುಂದೆ ಹೋಯಿತು ಅನ್ನಿಸಿತು, ಒಂದು ತಿಂಗಳ ಮರಳಿನ ಅಭ್ಯಾಸ ಕಾಲಿನಲ್ಲಿತ್ತು. ಬಿದ್ದೆ.

ಲೈನ್ಸ್‌ಮನ್ ಬಾವುಟ ಎತ್ತಲಿಲ್ಲ. ಮೇಷ್ಟ್ರು ಬಹಳ ಹಿಂದೆ ಉಳಿದಿದ್ದರು, ಓಡಿ ಬರುತ್ತಿದ್ದರು. ಬಾಯಲ್ಲಿ ಸೀಟಿ ಇತ್ತು, ಆದರೆ ಊದಿರಲಿಲ್ಲ. ಹುಲ್ಲು ನೋಡುತ್ತಾ ಮಲಗಬೇಕು ಎಂಬ ಪಾಠ ಮರೆತು ನಾನು ತಲೆ ಎತ್ತಿ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ಮುಖವನ್ನಲ್ಲ, ನನ್ನ ಬಲಗೈಯನ್ನು. ಅವರು ಯಾವುದಕ್ಕೆ ಕಾಯುತ್ತಿದ್ದಾರೆಂದು ಆ ಮೈದಾನದಲ್ಲಿದ್ದ ಅಷ್ಟು ಜನರಲ್ಲಿ ನನಗೊಬ್ಬನಿಗೆ ಮಾತ್ರ ಗೊತ್ತಿತ್ತು. ನಾನು ಆ ಕೈಯಲ್ಲಿ ಹುಲ್ಲು ಹಿಡಿದುಕೊಂಡೆ.

ಸೀಟಿ ಊದಿದರು. ಪೆನಾಲ್ಟಿ. ಗೋಲಿನ ದಾರಿಯಲ್ಲಿ ಕೊನೆಯವನಾಗಿ ತಡೆದದ್ದಕ್ಕೆ ನಾಲ್ಕನೇ ನಂಬರಿನವನಿಗೆ ಕೆಂಪು ಕಾರ್ಡು. ಅವನು ಮೇಷ್ಟ್ರ ಮುಂದೆ ನಿಂತು ಮೆಲ್ಲಗೆ ಏನೋ ಹೇಳಿದ. ಮೇಷ್ಟ್ರು ಇನ್ನೊಂದು ಸಲ ನನ್ನ ಕಡೆ ತಿರುಗಿದರು. ನಾನು ಅಷ್ಟು ಹೊತ್ತಿಗೆ ಎದ್ದು ಬಗ್ಗಿ ಲೇಸು ಕಟ್ಟುತ್ತಿದ್ದೆ. ಲೇಸು ಬಿಚ್ಚಿರಲಿಲ್ಲ. ಪೆನಾಲ್ಟಿ ನಾನೇ ಹೊಡೆದೆ, ಗೆದ್ದೆವು. ಜನ ಹೊತ್ತುಕೊಂಡು ಕುಣಿದರು, ನಮ್ಮ ಜಿಲ್ಲೆಯ ಹುಡುಗ ಎಂದು.

ಮಾರನೆಯ ದಿನವೇ ಸೋತ ಕ್ಲಬ್ಬಿನವರು ದೂರು ಕೊಟ್ಟರು. ರೆಫರಿ ಆ ಹುಡುಗನ ಗುರು, ಬೇಕೆಂದೇ ಕೊಟ್ಟಿದ್ದಾನೆ ಎಂದು. ಟೂರ್ನಿ ನಡೆಸುತ್ತಿದ್ದವರು ತುಮಕೂರಿನಲ್ಲೇ ಒಂದು ಕೋಣೆಯಲ್ಲಿ ವಿಚಾರಣೆ ಇಟ್ಟರು. ಒಳಗೆ ಹೋಗುವ ಮೊದಲು ಫಿಲಿಪ್ ಸರ್ ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದರು, ತಾಗಿತು ಎನ್ನುವ ಒಂದೇ ಪದ ಸಾಕು, ಮುಂದಿನ ವರ್ಷದ ಕರಾರಿನ ಕಾಗದ ಕ್ಲಬ್ ಸೆಕ್ರೆಟರಿಯ ಮೇಜಿನ ಮೇಲೆ ಇದೆ ಎಂದು. ಒಳಗೆ ನಾಲ್ಕು ಜನ ಕುರ್ಚಿಯಲ್ಲಿದ್ದರು. ಮೇಷ್ಟ್ರು ಗೋಡೆಯ ಪಕ್ಕ ನಿಂತಿದ್ದರು, ಶಾಲೆಗೆ ಹಾಕಿಕೊಂಡು ಬರುತ್ತಿದ್ದ ಅದೇ ಬಿಳಿ ಅಂಗಿ. ಸ್ಟಾಪರ್ ನಿನ್ನ ಕಾಲಿಗೆ ತಾಗಿಸಿದನೇ ಎಂದು ನನ್ನನ್ನು ಕೇಳಿದರು. ತಾಗಿಸಿದ ಎಂದೆ. ನನ್ನ ದನಿ ನಡುಗಲೂ ಇಲ್ಲ. ಅದೇ ನನಗೆ ಇವತ್ತಿಗೂ ಆಶ್ಚರ್ಯ.

ಆಮೇಲೆ ಮೇಷ್ಟ್ರ ಸರದಿ. ನೀವು ಅಷ್ಟು ದೂರದಲ್ಲಿದ್ದಿರಿ, ಲೈನ್ಸ್‌ಮನ್ ಬಾವುಟ ಎತ್ತಿಲ್ಲ, ಯಾವ ಆಧಾರದ ಮೇಲೆ ಕೊಟ್ಟಿರಿ ಎಂದು ಕೇಳಿದರು. ತಾಗಿದ್ದು ಕಂಡಿತು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ರೆಫರಿ ಕಂಡೆ ಎಂದರೆ ಯಾರೂ ಏನೂ ಮಾಡುವಂತಿಲ್ಲ.

'ಕಾಲು ತಾಗಿದ್ದು ನಾನು ನೋಡ್ಲಿಲ್ಲ ಸಾರ್,' ಎಂದರು. 'ಹುಡುಗನ್ನ ನಂಬಿ ಕೊಟ್ಟೆ. ನಂದು ತಪ್ಪು.'

ಅವರು ತಾವೇ ಮಾಡಿದ ಕಾನೂನಿನ ಪ್ರಕಾರ ಅಲ್ಲಿ ಕೈ ಎತ್ತಿ ನಿಂತಿದ್ದರು. ನಾನು ನೆಲ ನೋಡುತ್ತಿದ್ದೆ. ಆಗಲಾದರೂ ನಾನು ಸುಳ್ಳು ಹೇಳಿದೆ ಎನ್ನಬಹುದಿತ್ತು. ಅವರಿಗೆ ಮೋಸ ಮಾಡಿದವನು ಹುಡುಗ, ಅವರು ಪಕ್ಷಪಾತ ಮಾಡಿದವರಲ್ಲ ಎಂದಾದರೂ ಆಗುತ್ತಿತ್ತು. ಹೇಳಲಿಲ್ಲ. ಪ್ಯಾನೆಲ್ಲಿಗೆ ಹೋಗಿದ್ದ ಅವರ ಹೆಸರನ್ನು ವಾಪಸ್ ತೆಗೆದರು. ಶಾಲೆಗಳ ಪಂದ್ಯಕ್ಕೂ ಅವರನ್ನು ಕರೆಯುವುದು ನಿಂತಿತು. ಶಿಷ್ಯನಿಗೋಸ್ಕರ ಸೀಟಿ ಊದಿದ ಮೇಷ್ಟ್ರು ಎಂದು ಗುಬ್ಬಿಯ ಹೋಟೆಲುಗಳಲ್ಲಿ ಕಾಫಿ ಕುಡಿಯುತ್ತಾ ಮಾತಾಡಿಕೊಂಡರು. ನನ್ನ ಕರಾರು ಎರಡು ವರ್ಷಕ್ಕೆ ಆಯಿತು.

ಆಮೇಲೆ ನಾನು ಊರಿಗೆ ಹೋದರೂ ಕದ್ದು ಹೋಗುತ್ತಿದ್ದೆ. ಚೇಳೂರಿನ ಬಸ್ಸು ಬರುವ ಹೊತ್ತಿಗೆ ಬಸ್ ಸ್ಟ್ಯಾಂಡಿನ ಕಡೆ ಸುಳಿಯುತ್ತಿರಲಿಲ್ಲ. ಒಮ್ಮೆ ಪೇಟೆಯಲ್ಲಿ ಅವರ ಬಿಳಿ ಅಂಗಿ ದೂರದಿಂದ ಕಂಡು ಬಳೆ ಅಂಗಡಿಯೊಳಗೆ ನುಗ್ಗಿಬಿಟ್ಟೆ. ಯಾರಿಗೆ ಬೇಕು, ಎಷ್ಟು ಸೈಜು ಎಂದು ಅಂಗಡಿಯವರು ಕೇಳಿದಾಗ ಕೈಗೆ ಸಿಕ್ಕ ಒಂದು ಡಜನ್ ಹಸಿರು ಬಳೆ ಕೊಂಡು ಬಂದೆ. ಅಮ್ಮಿಯ ಕೈಗೆ ಅವು ಹಿಡಿಸಲಿಲ್ಲ. ಮೇಷ್ಟ್ರು ದಿನಾ ಅಂಗಡಿ ಮುಂದೆ ಹೋಗುವಾಗ ನನ್ನ ಕ್ಷೇಮ ವಿಚಾರಿಸುತ್ತಾರೆ, ನೀನು ಯಾಕೆ ಒಂದ್ಸಲ ಹೋಗಿ ನೋಡಲ್ಲ ಎಂದು ಅಬ್ಬಾ ಬೈಯುತ್ತಿದ್ದರು. ಅಬ್ಬಾಗೆ ನಾನು ಬೇಕೆಂದೇ ಬಿದ್ದದ್ದು ಗೊತ್ತಿರಲಿಲ್ಲ.

ಕೆಲಸ ಬದಲಾಗುತ್ತಾ ಹೋಯಿತು. ಹೊಸ ಕೋಚುಗಳು ಬಂದರು, ಆಟ ಮುಗಿದ ಮೇಲೆ ವಿಡಿಯೋ ಹಾಕಿ ತೋರಿಸತೊಡಗಿದರು. ಇಬ್ಬರು ಫಾರ್ವರ್ಡ್ ಇದ್ದ ಕಡೆ ಒಬ್ಬನೇ ಸಾಕು ಎಂದರು. ಅನ್ನ ಸಾರಿನ ಬದಲು ಬಾಳೆಹಣ್ಣು, ಮೊಟ್ಟೆ ಎಂದರು. ಬೀಳುವ ನಾಟಕಕ್ಕೆ ಹಳದಿ ಕಾರ್ಡು ಬಂತು. ಮೊದಲ ಸಲ ಆ ಕಾರ್ಡು ನನ್ನ ಮುಖದ ಮುಂದೆ ಬಂದಾಗ ನಮ್ಮ ತಂಡದವರೆಲ್ಲ ರೆಫರಿಯ ಮೇಲೆ ರೇಗಿದರು. ನಾನು ಸುಮ್ಮನೆ ನಿಂತಿದ್ದೆ. ಇದು ನನಗೆ ತುಮಕೂರಿನಲ್ಲೇ ಸಿಗಬೇಕಿತ್ತು ಅನ್ನಿಸಿತು. ಆಮೇಲೆ ನಾನು ಬೀಳುವುದನ್ನು ಬಿಟ್ಟೆ. ಒಳ್ಳೆಯವನಾದೆ ಎಂದಲ್ಲ, ಕಾರ್ಡಿಗೆ ಹೆದರಿ.

ಮಂಡಿ ಹೋಗಿ ಆಟ ಬಿಟ್ಟ ಮರುವರ್ಷ ಗುಬ್ಬಿಯಿಂದ ಫೋನ್ ಬಂತು. ಗಂಗಾಧರಯ್ಯ ಮೇಷ್ಟ್ರು ರಿಟೈರ್ ಆಗುತ್ತಿದ್ದಾರೆ, ಸನ್ಮಾನ ಇದೆ, ಹಳೆಯ ವಿದ್ಯಾರ್ಥಿಗಳ ಪಂದ್ಯವೂ ಇದೆ, ಮೇಷ್ಟ್ರೇ ರೆಫರಿ, ನೀವು ಬರಲೇಬೇಕು ಎಂದು. ಇಲ್ಲ ಎನ್ನಲು ಸುಳ್ಳು ಹುಡುಕಿದೆ, ಸಿಗಲಿಲ್ಲ.

ಅದೇ ಮೈದಾನ. ಮೇಷ್ಟ್ರ ತಲೆ ಪೂರ್ತಿ ನರೆತಿತ್ತು. ಎಲ್ಲರಿಗೂ ಮಾಡಿದಂತೆಯೇ ನನ್ನ ಕೈ ಕುಲುಕಿದರು. ಹೊಟ್ಟೆ ಬಂದ ಗಂಡಸರು, ಸೊಸೈಟಿ ಗುಮಾಸ್ತರು, ತೆಂಗಿನ ತೋಟದವರು, ಇಬ್ಬರು ಮೇಷ್ಟ್ರುಗಳು, ಎಲ್ಲರೂ ಏದುಸಿರು ಬಿಡುತ್ತಾ ಆಡುತ್ತಿದ್ದರು. ಚೆಂಡು ಕೈಗೆ ತಗುಲಿದವರು ಹಳೆಯ ಅಭ್ಯಾಸದಂತೆ ಕೈ ಎತ್ತುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಆಟದ ನಡುವೆ, ಚೆಂಡು ಎಲ್ಲೋ ದೂರ ಇದ್ದಾಗ, ನಾನು ಬಲಗೈ ಎತ್ತಿ ನಿಂತೆ.

ಮೇಷ್ಟ್ರು ಸೀಟಿ ಊದಿ ಹತ್ತಿರ ಬಂದರು.

'ಏನ್ಲಾ, ಬಾಲ್ ಅಲ್ಲೆಲ್ಲೋ ಐತಲ್ಲ.'

'ಇವತ್ತಿಂದಲ್ಲ ಸಾರ್. ತುಮಕೂರಿಂದು. ಅವ್ನು ಮುಟ್ಟಿರ್ಲಿಲ್ಲ.'

ಅವರು ನನ್ನ ಕೈಯನ್ನು ನೋಡಿದರು. ನಂತರ ಎದುರು ತಂಡದ ಕಡೆ ಕೈ ತೋರಿಸಿ, 'ಬಾಲ್ ಆ ಕಡೆಗೆ ಕೊಡ್ರಪ್ಪಾ' ಎಂದರು. ಆಟ ಮುಂದುವರಿಯಿತು. ಕೈ ಎತ್ತಿದವನನ್ನು ಬೈಯುವಂತಿಲ್ಲ. ನನಗೆ ಅಳು ಬಂತು, ಅಳುತ್ತಲೇ ಓಡಿದೆ. ಬೆವರು ಎಂದುಕೊಂಡಿರಬೇಕು ಎಲ್ಲರೂ. ಇಷ್ಟು ವರ್ಷ ಹೊತ್ತಿದ್ದು ಇಳಿಯಿತು, ಮುಗಿಯಿತು ಅನ್ನಿಸಿತು.

ಹಾರ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ನಲ್ಲಿಯ ಹತ್ತಿರ ನಾನು ಕಾಲು ತೊಳೆಯುತ್ತಿದ್ದಾಗ ಮೇಷ್ಟ್ರು ಬಂದು ಕಟ್ಟೆಯ ಮೇಲೆ ಕೂತರು. ಶಾಲು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದರು.

'ಇಮ್ತಿ, ಆ ಹುಡುಗನ್ಗೆ ಹೇಳಿದ್ಯಾ?' ಎಂದು ಕೇಳಿದರು.

'ಯಾವ ಹುಡುಗ ಸಾರ್?'

'ನಾನು ಕಾರ್ಡ್ ತೋರ್ಸಿ ಕಳಿಸಿದ್ನಲ್ಲ, ನಾಕನೇ ನಂಬರು. ಸೆಲ್ವಂ ಅಂತ ಹೆಸರು. ನನ್ನ ಮುಂದೆ ನಿಂತ್ಕೊಂಡು ಮುಟ್ಟಿಲ್ಲ ಸಾರ್ ಅಂದ. ನಾನು ನಿನ್ನ ಕೈ ನೋಡ್ದೆ. ನಂದು ಹೋಗ್ಲಿ ಬುಡು, ನಂಗೆ ಸ್ಕೂಲಿತ್ತು. ಆ ವರ್ಷವೇ ಅವ್ನನ್ನ ಕ್ಲಬ್ಬಿಂದ ತೆಗೆದ್ರಂತೆ, ಬೆಂಗಳೂರಿಗೆ ಹೋದಾಗೆಲ್ಲ ವಿಚಾರಿಸ್ದೆ, ಸಿಗ್ಲಿಲ್ಲ.'

ಇಷ್ಟು ವರ್ಷ ನಾಚಿಕೆಪಟ್ಟು ಬಳೆ ಅಂಗಡಿಯಲ್ಲಿ ಅಡಗಿಕೊಂಡವನು, ಒಂದು ದಿನವೂ ಆ ಸ್ಟಾಪರ್‌ನನ್ನು ನೆನೆದಿರಲಿಲ್ಲ. ಅವನ ಹೆಸರೂ ನನಗೆ ಗೊತ್ತಿರಲಿಲ್ಲ. ಎಂಬತ್ತು ನಿಮಿಷ ನನ್ನ ಬೆನ್ನಿಗೆ ಅಂಟಿಕೊಂಡು ಆಡಿದವನು. ಮೇಷ್ಟ್ರಿಗೆ ಗೊತ್ತಿತ್ತು.

ಅಂದಿನಿಂದ ನಾನೂ ಹುಡುಕುತ್ತಿದ್ದೇನೆ. ಹಳೆಯ ಆಟಗಾರರನ್ನು ಕೇಳಿದ್ದೇನೆ, ಒಬ್ಬರು ಆಟೋ ಓಡಿಸುತ್ತಾನೆ ಎಂದರು, ಇನ್ನೊಬ್ಬರು ಬೇರೆ ಊರಿಗೆ ಹೋದ ಎಂದರು. ಅದಕ್ಕೇ ಇದನ್ನು ಬರೆದೆ. ಯಾರ ಕೈಯಿಂದಲಾದರೂ ಅವನಿಗೆ ತಲುಪಲಿ. ಫಾರ್ವರ್ಡ್ ಆಗಲು ಹೊರಟ ಹುಡುಗರಿಗೆ ಇದಕ್ಕಿಂತ ಹೆಚ್ಚಿನ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ತುಮಕೂರಿನ ಆ ಸೆಮಿಫೈನಲ್‌ನಲ್ಲಿ ನಾಲ್ಕನೇ ನಂಬರಿನ ಸೆಲ್ವಂ ನನ್ನನ್ನು ಮುಟ್ಟಿರಲಿಲ್ಲ.